ಬ್ಯಾರೆಲ್‌ಗೆ ಗರಗಸ ಹಾಕುವ ಮೊದಲು ಪೆಲೆಟ್ ಬದಲಿಸಿ ನೋಡಿ

ಏರ್ ರೈಫಲ್ ಇರುವ ನಾಲ್ಕು ಜನ ಸೇರಿದರೆ ಈಗೀಗ ಇದೇ ಮಾತು. ಬ್ಯಾರೆಲ್ ಲ್ಯಾಪಿಂಗ್ (ಪೇಸ್ಟ್ ಹಾಕಿ ಒಳಗೆ ಉಜ್ಜುವುದು) ಮಾಡಿಸಿದ್ರಾ? ಕ್ರೌನ್ (ಬ್ಯಾರೆಲ್ ಬಾಯಿಯ ಅಂಚು) ಹೊಸದಾಗಿ ಮಾಡಿಸಿದ್ರಾ? ಎರಡಿಂಚು ಕಟ್ ಮಾಡಿಸಿದ್ರೆ ಗ್ರೂಪ್ (ಗುಂಡುಗಳು ಬೀಳುವ ಗುಂಪು) ಬಿಗಿಯಾಗುತ್ತಂತೆ, ಹೌದಾ? ಯಾವುದೋ ವಿಡಿಯೋ ನೋಡಿರುತ್ತಾರೆ. ರೈಫಲ್ ಚೀಲಕ್ಕೆ ಹಾಕಿಕೊಂಡು ಲೇತ್ ಶಾಪ್‌ಗೆ ಹೊರಟಿರುತ್ತಾರೆ. ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಒಳ್ಳೆಯ ಬ್ಯಾರೆಲ್‌ಗಳು ಹೀಗೇ ಹಾಳಾಗುತ್ತಿವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಏರ್ ರೈಫಲ್ ಬ್ಯಾರೆಲ್‌ನಲ್ಲಿ ನಮ್ಮಂಥವರು ಕೈ ಹಾಕಬಹುದಾದ ಜಾಗ ಒಂದೇ, ಅದರ ಬಾಯಿಯ ಅಂಚು. ಅದಕ್ಕೂ ಸರದಿ ಬರುವುದು ಉಳಿದದ್ದೆಲ್ಲ ನೋಡಿದ ಮೇಲೆ.

ಗುರಿ ಬಿಗಿಯಾಗಬೇಕು ಅನ್ನುವ ಆಸೆ ತಪ್ಪಲ್ಲ. 10 ಮೀಟರ್ ಟಾರ್ಗೆಟ್‌ನ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ. ಹೊಡೆಯುವ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, 4.5 ಮಿ.ಮೀ. ಈಗಿನ ದಶಮಾಂಶದ ಲೆಕ್ಕದಲ್ಲಿ ಪೆಲೆಟ್ ಕಾಲು ಮಿಲಿಮೀಟರ್ ಹೊರಗೆ ಸರಿದರೆ 0.1 ಅಂಕ ಹೋಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಫೈನಲ್‌ನಲ್ಲಿ ನಮ್ಮ ಅರ್ಜುನ್ ಬಬೂತಾ ನಾಲ್ಕನೇ ಸ್ಥಾನಕ್ಕೆ ನಿಂತದ್ದು ನೆನಪಿದೆ ಅಲ್ವಾ? ಅವರ ಕೊನೆಯ ಗುಂಡು 9.5. ಆ 9.5ಕ್ಕೂ ಒಂದು ಒಳ್ಳೆಯ 10.5ಕ್ಕೂ ನಡುವಿನ ಅಂತರ ಎರಡೂವರೆ ಮಿಲಿಮೀಟರ್. ಇಂಥ ಆಟದಲ್ಲಿ ಲೋಹದ ಒಂದು ಸಣ್ಣ ಮುಳ್ಳಿಗೂ ಜನ ತಲೆ ಕೆಡಿಸಿಕೊಳ್ಳುವುದು ಸಹಜವೇ.

ಹಾಗಾದರೆ ಬ್ಯಾರೆಲ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡೋಣ. ಮ್ಯಾಚ್ ರೈಫಲ್‌ನಿಂದ, ಅಂದರೆ ಸ್ಪರ್ಧೆಯ ರೈಫಲ್‌ನಿಂದ, ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಒಳಗಿನ ಸುರುಳಿ ಗೆರೆಗಳು, ಅಂದರೆ ರೈಫ್ಲಿಂಗ್, ಅನೇಕ ಒಳ್ಳೆಯ ಬ್ಯಾರೆಲ್‌ಗಳಲ್ಲಿ 450 ಮಿ.ಮೀ.ಗೆ ಒಂದು ಸುತ್ತು ಹಾಕುತ್ತವೆ. ಲೆಕ್ಕ ಹಾಕಿ: ಹೊರಬರುವ ಹೊತ್ತಿಗೆ ಪೆಲೆಟ್ ಸೆಕೆಂಡಿಗೆ 370ಕ್ಕೂ ಜಾಸ್ತಿ ಸುತ್ತು ತಿರುಗುತ್ತಿರುತ್ತದೆ. ಅದರ ತಲೆ ಗೆರೆಗಳ ಮೇಲೆ ಕೂತು ದಾರಿ ಹಿಡಿಯುತ್ತದೆ. ಹಿಂದಿನ ತೆಳು ಲಂಗದಂಥ ಭಾಗ ಗಾಳಿಯ ಒತ್ತಡಕ್ಕೆ ಅಗಲವಾಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಹೊರಬೀಳುವ ಕ್ಷಣದಲ್ಲಿ ಹಿಂದಿದ್ದ ಗಾಳಿ ಪೆಲೆಟ್‌ಗಿಂತ ಜೋರಾಗಿ ನುಗ್ಗಿ ಅದನ್ನು ದಾಟಿ ಹೋಗುತ್ತದೆ. ಬಾಯಿಯ ಅಂಚು ಸುತ್ತಲೂ ಒಂದೇ ಸಮ ಇದ್ದರೆ ಗಾಳಿ ಎಲ್ಲ ಕಡೆಯಿಂದ ಒಟ್ಟಿಗೇ ಹೊರಬರುತ್ತದೆ. ಒಂದು ಕಡೆ ಮುಳ್ಳಿದ್ದರೆ, ತಗ್ಗಿದ್ದರೆ, ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಪೆಲೆಟ್‌ನ ಬಾಲವನ್ನು ತಳ್ಳುತ್ತದೆ. ಚಾಟಿ ಎಳೆಯುವಾಗ ಕೈ ಅಲುಗಿದರೆ ಬುಗುರಿ ವಾಲಾಡುತ್ತದಲ್ಲ, ಹಾಗೆ ಪೆಲೆಟ್ ದಾರಿಯುದ್ದಕ್ಕೂ ವಾಲಾಡುತ್ತದೆ.

ಈ ಅಂಚಿಗೇ ಕ್ರೌನ್ ಅನ್ನುವುದು. ಮನೆಯಲ್ಲೇ ನೋಡಬಹುದು. ಗನ್ ಖಾಲಿ ಇದೆ, ಕಾಕ್ ಆಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಬಾಯಿಯೊಳಗೆ ಇಟ್ಟು ಹೊರಕ್ಕೆ ಎಳೆಯಿರಿ. ಸುತ್ತಲೂ ಹೀಗೆ ಮಾಡಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಇನ್ನೊಂದು ಗುರುತು: ಕೆಲವು ಕಾಲ ಹೊಡೆದ ಮೇಲೆ ಬಾಯಿಯ ಸುತ್ತ ಸೀಸದ ಬೂದು ಬಣ್ಣ ಕೂತಿರುತ್ತದೆ. ಅದು ಎಲ್ಲ ಕಡೆ ಒಂದೇ ರೀತಿ ಹರಡಿದ್ದರೆ ಸರಿ. ಒಂದೇ ಮಗ್ಗುಲಿಗೆ ದಟ್ಟವಾಗಿದ್ದರೆ ಅನುಮಾನ ಪಡಿ.

ಸಣ್ಣ ಮುಳ್ಳಾದರೆ ಹಿತ್ತಾಳೆಯ ಗುಂಡುತಲೆ ಸ್ಕ್ರೂ ತೆಗೆದುಕೊಂಡು, ತಲೆಗೆ ಗ್ಯಾರೇಜ್‌ನವರು ಬಳಸುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ನಯವಾದದ್ದು ಹಚ್ಚಿ, ಕೈ ಡ್ರಿಲ್‌ನಲ್ಲಿ ನಿಧಾನ ತಿರುಗಿಸುತ್ತಾ ಅಂಚನ್ನು ಸಮ ಮಾಡಬಹುದು. ಒಂದೇ ಕೋನದಲ್ಲಿ ಒತ್ತದೆ ಕೈಯನ್ನು ಸುತ್ತಲೂ ಆಡಿಸುತ್ತಿರಬೇಕು. ಒಳಗೆ ಹತ್ತಿಯ ಬಿರಡೆ ತುರುಕಿರಬೇಕು, ಪೇಸ್ಟ್‌ನ ಒಂದು ಕಣವೂ ಗೆರೆಗಳಿಗೆ ಇಳಿಯಬಾರದು. ಅಂಚಿಗೆ ದೊಡ್ಡ ಪೆಟ್ಟು ಬಿದ್ದಿದ್ದರೆ ಈ ಕೆಲಸ ಸಾಲದು. ಬೋರ್‌ಗೆ, ಅಂದರೆ ಬ್ಯಾರೆಲ್‌ನ ಒಳತೂತಿಗೆ, ಸರಿಯಾಗಿ ಕೂರುವ ಪೈಲಟ್ (ದಾರಿ ತೋರುವ ಕಡ್ಡಿ) ಇಟ್ಟು, ಬೋರ್‌ನ ನಡುವನ್ನೇ ಹಿಡಿದು ಲೇತ್ ತಿರುಗಿಸಬಲ್ಲ ಮೆಕ್ಯಾನಿಕ್ ಬೇಕು. ಹೊರಮೈ ಹಿಡಿದು ತಿರುಗಿಸುವವನಿಗೆ ಕೊಡಲೇಬೇಡಿ. ಹೊರಮೈಯ ನಡುವೂ ಬೋರ್‌ನ ನಡುವೂ ಒಂದೇ ಆಗಿರಬೇಕೆಂದಿಲ್ಲ.

ಈಗ ಕತ್ತರಿಸುವ ವಿಷಯ. ಇದರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ನನಗೆ ಗೊತ್ತಿರುವ ಒಬ್ಬ ಹುಡುಗ, ಕಾಲೇಜು ಓದುತ್ತಿದ್ದ, ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ರೈಫಲ್ ತೆಗೆದುಕೊಂಡಿದ್ದ. ಬ್ಯಾರೆಲ್ ಚಿಕ್ಕದಾದರೆ ಗುರಿ ಬಿಗಿಯಾಗುತ್ತದೆ ಅಂತ ಯಾರೋ ಹೇಳಿದರು. ಒಂದು ಲೇತ್ ಶಾಪ್‌ನಲ್ಲಿ ತುದಿ ಕತ್ತರಿಸಿಕೊಟ್ಟರು. ಅಂಚು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗ್ರೂಪ್ ಮಾತ್ರ ಮೊದಲಿಗಿಂತ ಎರಡು ಪಟ್ಟು ಹರಡಿತು. ಕಾರಣ ಸರಳ. ಅನೇಕ ಏರ್ ರೈಫಲ್ ಬ್ಯಾರೆಲ್‌ಗಳ ಕೊನೆಯ ಒಂದೆರಡು ಇಂಚು ಕೂದಲೆಳೆಯಷ್ಟು ಬಿಗಿಯಾಗಿರುತ್ತದೆ. ಅದಕ್ಕೆ ಚೋಕ್ ಅನ್ನುತ್ತಾರೆ. ಪೆಲೆಟ್ ಮೆತ್ತನೆಯ ಸೀಸ. ಒಂದೊಂದರ ಅಳತೆ ಸ್ವಲ್ಪ ಹೆಚ್ಚುಕಡಿಮೆ. ಹೊರಬೀಳುವ ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತರುವುದು ಆ ಚೋಕ್. ಆ ಹುಡುಗನ ಬ್ಯಾರೆಲ್‌ನಿಂದ ಕತ್ತರಿಸಿ ಬಿಸಾಡಿದ್ದು ಅದನ್ನೇ. ಮತ್ತೆ ಅಂಟಿಸಲು ಬರುವಂಥದ್ದಲ್ಲ ಅದು.

ನಿಮ್ಮ ಬ್ಯಾರೆಲ್‌ಗೆ ಚೋಕ್ ಇದೆಯಾ ಅಂತ ತಿಳಿಯಲು ಒಂದು ಪೆಲೆಟ್ ಸಾಕು. ಹಿಂದಿನಿಂದ ಹಾಕಿ, ಬೋರ್ ಗೀಚದ ಪ್ಲಾಸ್ಟಿಕ್ ಹೊದಿಕೆಯ ಕಡ್ಡಿಯಿಂದ ನಿಧಾನವಾಗಿ ತಳ್ಳಿ. ಒಂದೇ ಸಮ ಜಾರುತ್ತಾ ಹೋಗಿ ತುದಿಯಲ್ಲಿ ಬಿಗಿಯಾದರೆ ಅದೇ ಚೋಕ್. ನಡುವೆ ಎಲ್ಲಾದರೂ ಸಡಿಲವಾಗಿ, ಮತ್ತೆ ಬಿಗಿಯಾದರೆ ಬ್ಯಾರೆಲ್‌ನಲ್ಲೇ ದೋಷ. ಆಗಲೂ ಲ್ಯಾಪಿಂಗ್‌ಗೆ ಓಡಬೇಡಿ. ಪೇಸ್ಟ್ ಹಾಕಿ ಒಳಗೆ ಉಜ್ಜಿದರೆ ಬಿಗಿ ಜಾಗ ಸವೆಯಬಹುದು, ಸಡಿಲ ಜಾಗ ತುಂಬುವುದಿಲ್ಲ. ಏರ್ ರೈಫಲ್ ಬ್ಯಾರೆಲ್‌ನ ಉಕ್ಕು ಬೆಂಕಿ ಬಂದೂಕಿನ ಬ್ಯಾರೆಲ್‌ಗಿಂತ ಮೆತ್ತಗಿರುತ್ತದೆ. ಗೊತ್ತಿಲ್ಲದ ಕೈ ನಾಲ್ಕು ಸಲ ಜಾಸ್ತಿ ಉಜ್ಜಿದರೂ ಗೆರೆಗಳ ಅಂಚು ಹೋಗುತ್ತದೆ.

ಉದ್ದ ಜಾಸ್ತಿಯಾದರೆ ಗುರಿ ಜಾಸ್ತಿ ಅನ್ನುವ ನಂಬಿಕೆಯೂ ಸುಳ್ಳು. ಪೆಲೆಟ್ ಒಳಗಿರುವಷ್ಟು ಹೊತ್ತೂ ನಿಮ್ಮ ಕೈ ನಡುಕ ಅದಕ್ಕೆ ಸೇರುತ್ತಿರುತ್ತದೆ. ಅದಕ್ಕೇ ಮ್ಯಾಚ್ ರೈಫಲ್ ಮಾಡುವವರು ಬ್ಯಾರೆಲ್ ಅನ್ನು ಸುಮಾರು 42 ಸೆಂ.ಮೀ.ಗೆ ನಿಲ್ಲಿಸಿ, ಮುಂದೆ ಬರೀ ಖಾಲಿ ಕೊಳವೆ ಇಟ್ಟು ಸೈಟ್ ಅನ್ನು ದೂರಕ್ಕೆ ಒಯ್ಯುತ್ತಾರೆ. ಸ್ಪರ್ಧೆಗೆ ಹೋಗುವ ಮಕ್ಕಳ ಅಪ್ಪ-ಅಮ್ಮಂದಿರು ಇನ್ನೊಂದು ತಿಳಿದಿರಬೇಕು. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ರೈಫಲ್‌ನ ಬ್ಯಾರೆಲ್‌ಗಾಗಲಿ ಮುಂದಿನ ಕೊಳವೆಗಾಗಲಿ ತೂತು ಕೊರೆಯುವಂತಿಲ್ಲ. ಬಾಯಿಗೆ ಸಿಕ್ಕಿಸಿ ಒದೆತ, ಎಗರಾಟ ತಗ್ಗಿಸುವ ಮಝಲ್ ಬ್ರೇಕ್, ಕಾಂಪೆನ್ಸೇಟರ್ ಹಾಕುವಂತಿಲ್ಲ. ದುಡ್ಡು ಕೊಟ್ಟು ಮಾಡಿಸಿದ್ದು ಸ್ಪರ್ಧೆಗೆ ಮೊದಲು ಸಲಕರಣೆ ಪರೀಕ್ಷಿಸುವ ಇಕ್ವಿಪ್‌ಮೆಂಟ್ ಕಂಟ್ರೋಲ್ ಮೇಜಿನ ಮೇಲೆ ಹೊರಬಿದ್ದರೆ ಮಗುವಿನ ಮುಖ ನೋಡಲಾಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಪೆಲೆಟ್ ಟೆಸ್ಟ್. ನನ್ನ ಪ್ರಕಾರ ಏರ್ ರೈಫಲ್ ಗುರಿಯಲ್ಲಿ ಇದರಷ್ಟು ಫಲ ಕೊಡುವ ಕೆಲಸ ಬೇರೊಂದಿಲ್ಲ. ಇದನ್ನು ನಮ್ಮಲ್ಲಿ ಮಾಡುವವರು ತೀರಾ ಕಮ್ಮಿ. ಒಂದೇ ಕಂಪನಿಯ, ಒಂದೇ ಹೆಸರಿನ ಪೆಲೆಟ್‌ನಲ್ಲೂ ತಲೆಯ ಅಳತೆ ಬೇರೆ ಬೇರೆ ಇರುತ್ತದೆ: 4.49, 4.50, 4.51. ಡಬ್ಬದ ಮೇಲೆ ಬರೆದಿರುತ್ತದೆ. ಅದರ ಜೊತೆಗೆ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ಗುರುತು. ಒಂದು ಲಾಟ್ ನಿಮ್ಮ ಬ್ಯಾರೆಲ್‌ಗೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಪಕ್ಕದ ಲೇನ್‌ನ ಹುಡುಗಿ ಆರ್‌ಡಬ್ಲ್ಯೂಎಸ್ ಆರ್10 ಹೊಡೆಯುತ್ತಾಳೆ ಅಂತ ನೀವೂ ಅದನ್ನೇ ತಂದರೆ ಪ್ರಯೋಜನವಾಗಬೇಕೆಂದಿಲ್ಲ. ನಿಮ್ಮದಕ್ಕೆ ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಸರಿಹೋಗಬಹುದು.

ಮಾಡುವ ಕ್ರಮ ಕಷ್ಟದ್ದಲ್ಲ. ಪಿಸಿಪಿ (ಸಿಲಿಂಡರ್‌ನಲ್ಲಿ ಮೊದಲೇ ತುಂಬಿಟ್ಟ ಗಾಳಿಯಿಂದ ಹೊಡೆಯುವ ರೈಫಲ್) ಆದರೆ ಭಾರದ ಮೇಜಿಗೆ ಬೆಂಚ್ ವೈಸ್ ಬಿಗಿದು, ಮರದ ತುಂಡು, ದಪ್ಪ ಬಟ್ಟೆ ಇಟ್ಟು ರೈಫಲ್ ಹಿಡಿಸಿ. 10 ಮೀಟರ್‌ನಲ್ಲಿ ಒಂದೊಂದು ಬಗೆಗೆ ಹತ್ತು ಗುಂಡು. ಬಗೆ ಬದಲಿಸಿದಾಗ ಮೊದಲ ಕೆಲವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಳೆಯ ಸೀಸದ ಪದರ ಬದಲಾಗಲಿ. ಹತ್ತೂ ಒಂದೇ ತೂತಿನಲ್ಲಿ ಹೋಗಿ, ಆ ತೂತು ಒಂದು ಪೆಲೆಟ್‌ಗಿಂತ ಒಂದು ಮಿ.ಮೀ. ಒಳಗೇ ದೊಡ್ಡದಾಗಿದ್ದರೆ ಬ್ಯಾರೆಲ್ ಮುಟ್ಟುವ ಮಾತೇ ಇಲ್ಲ. ಅನ್‌ಶುಟ್ಜ್, ವಾಲ್ಟರ್, ಫೈನ್‌ವೆರ್ಕ್‌ಬೌ ರೈಫಲ್‌ಗಳ ಜೊತೆ ಕಾರ್ಖಾನೆಯಲ್ಲೇ ಹೀಗೆ ಹೊಡೆದ ಕಾಗದ ಬರುತ್ತದೆ. ಅದನ್ನು ಎಸೆಯಬೇಡಿ. ನಿಮ್ಮ ಬ್ಯಾರೆಲ್ ಏನು ಮಾಡಬಲ್ಲದು ಅನ್ನುವುದಕ್ಕೆ ಅದೇ ಸಾಕ್ಷಿ. ಸ್ಪ್ರಿಂಗ್‌ನ ಬಲದಿಂದ ಗಾಳಿ ಒತ್ತಿ ಹೊಡೆಯುವ ಸ್ಪ್ರಿಂಗ್ ಗನ್ ಅನ್ನು ಮಾತ್ರ ವೈಸ್‌ಗೆ ಬಿಗಿಯಬೇಡಿ. ಅದು ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಮೆತ್ತನೆಯ ದಿಂಬಿನ ಮೇಲೆ ಅಂಗೈ ಇಟ್ಟು, ಅಂಗೈಯಲ್ಲಿ ಸಡಿಲವಾಗಿ ಕೂರಿಸಿ ಹೊಡೆಯಿರಿ.

ಬ್ಯಾರೆಲ್ ಅನ್ನು ಕೀಲಿನಲ್ಲಿ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ಗನ್‌ಗಳೇ ನಮ್ಮಲ್ಲಿ ಜಾಸ್ತಿ. ಅವುಗಳಲ್ಲಿ ಬ್ಯಾರೆಲ್ ದೋಷ ಅಂತ ಹೇಳುವುದು ಎಷ್ಟೋ ಸಲ ಬ್ಯಾರೆಲ್‌ನದ್ದೇ ಆಗಿರುವುದಿಲ್ಲ. ಬ್ಯಾರೆಲ್ ತುದಿ ಹಿಡಿದು ಎಡಬಲಕ್ಕೆ ಅಲುಗಿಸಿ ನೋಡಿ. ಆಡಿದರೆ ಕೀಲಿನ ಬೋಲ್ಟ್ ಸಡಿಲ. ಮರದ ಸ್ಟಾಕ್‌ನ ಸ್ಕ್ರೂಗಳು ಒದೆತಕ್ಕೆ ಸಡಿಲವಾಗುತ್ತಲೇ ಇರುತ್ತವೆ. ಸ್ಕೋಪ್ ಮೌಂಟ್ ಹಿಂದಕ್ಕೆ ಜಾರಿರುತ್ತದೆ. ಹಿಂದಿನ ರಬ್ಬರ್ ಸೀಲ್ ಸವೆದು ಗಾಳಿ ಸೋರುತ್ತಿರುತ್ತದೆ. ಇದೆಲ್ಲ ಒಂದು ಸ್ಕ್ರೂಡ್ರೈವರ್‌ನ, ಒಂದು ಚಿಕ್ಕ ಸೀಲ್‌ನ ಖರ್ಚು.

ಪಿಸಿಪಿಯವರು ಸಿಲಿಂಡರ್ ಕಡೆ ನೋಡಿ. ಬ್ಯಾರೆಲ್ ಅನ್ನು ಸಿಲಿಂಡರ್‌ಗೆ ಬಳೆಯಂಥ ಪಟ್ಟಿಯಿಂದ ಹಿಡಿಸಿದ್ದರೆ, ಒಳಗಿನ ಒತ್ತಡ ಇಳಿಯುತ್ತಾ ಹೋದಂತೆ ಸಿಲಿಂಡರ್ ಅತಿ ಸ್ವಲ್ಪ ಬಾಗಿ ಬ್ಯಾರೆಲ್ ಅನ್ನೂ ಎಳೆಯಬಹುದು. ಗುಂಡು ಬೀಳುವ ಜಾಗ ನಿಧಾನಕ್ಕೆ ಸರಿಯುತ್ತದೆ. ಇನ್ನು ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್ ಕೊಳ್ಳುವವರು ಸಿಲಿಂಡರ್ ಮೇಲಿನ ತಾರೀಖು ಓದಿ. ಇವುಗಳಿಗೆ ಕಂಪನಿಯೇ ಆಯಸ್ಸು ಗೊತ್ತು ಮಾಡಿರುತ್ತದೆ, ಅನೇಕಕ್ಕೆ ಅದು 10 ವರ್ಷ. 200 ಬಾರ್ ಒತ್ತಡ ತುಂಬುವ ಡಬ್ಬಿ ಅದು, ಮಗುವಿನ ಮುಖದ ಪಕ್ಕದಲ್ಲೇ ಇರುತ್ತದೆ. ಬ್ಯಾರೆಲ್ ಟ್ಯೂನಿಂಗ್‌ಗೆ ಎತ್ತಿಟ್ಟ ದುಡ್ಡಿದ್ದರೆ ಮೊದಲು ಹೊಸ ಸಿಲಿಂಡರ್ ತನ್ನಿ.

ಕ್ಲೀನಿಂಗ್ ಬಗ್ಗೆ ಎರಡು ಮಾತು. ಗ್ರೂಪ್ ಹರಡಲು ಶುರುವಾದಾಗ ಮಾಡಿದರೆ ಸಾಕು, ದಿನಾ ಬೇಡ. ನೈಲಾನ್ ದಾರಕ್ಕೆ ಬಟ್ಟೆಯ ಚೂರು ಸಿಕ್ಕಿಸಿ ಹಿಂದಿನಿಂದ ಮುಂದಕ್ಕೆ ಎಳೆಯಿರಿ. ಉಕ್ಕಿನ ಕಡ್ಡಿ, ತಂತಿಯ ಬ್ರಷ್ ಬೇಡವೇ ಬೇಡ. ಬ್ಯಾರೆಲ್‌ಗೆ ಡಬ್ಲ್ಯೂಡಿ-40 ಹೊಡೆಯುವ ಅಭ್ಯಾಸವನ್ನೂ ಬಿಡಿ. ಸ್ಪ್ರಿಂಗ್ ಗನ್‌ನಲ್ಲಿ ಎಣ್ಣೆ ಒಳಗಿಳಿದರೆ ಗಾಳಿಯ ಒತ್ತಡಕ್ಕೆ ಹೊತ್ತಿಕೊಳ್ಳುತ್ತದೆ. ಒಂದೊಂದು ಗುಂಡು ಒಂದೊಂದು ವೇಗದಲ್ಲಿ ಹೋಗುತ್ತದೆ, ಸೀಲ್ ಕೂಡ ಹಾಳು.

ಇದನ್ನೆಲ್ಲ ಬರೆಯಲು ಕಾರಣ ನಮ್ಮ ಮಕ್ಕಳು. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್ವಾನ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದು ಒಲಿಂಪಿಕ್ಸ್ ಕೋಟಾ ತಂದಾಗ ಇನ್ನೂ ಹದಿಹರೆಯದ ಹುಡುಗಿ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಿಗೆ ಊರಿಗೆ ಊರೇ ಸೇರುತ್ತದೆ. ಕಣ್ಣು, ಕೈ, ಆಸಕ್ತಿ ಯಾವುದಕ್ಕೂ ನಮ್ಮಲ್ಲಿ ಕೊರತೆ ಇಲ್ಲ. ಎರಡು ಮೂರು ಲಕ್ಷದ ರೈಫಲ್ ಎಲ್ಲರಿಂದಲೂ ಆಗುವುದಿಲ್ಲ. ಕ್ಲಬ್‌ನ ಹಳೆಯ ರೈಫಲ್‌ನಲ್ಲಿ ಕಲಿಯುವ ಮಗುವಿಗೆ ಆ ರೈಫಲ್ ನಂಬಿಕೆ ಕೊಡಬೇಕು. ಗುಂಡು ಹೊರಗೆ ಬಿದ್ದರೆ ತಪ್ಪು ತನ್ನದೋ ಗನ್‌ನದ್ದೋ ಅಂತ ತಿಳಿಯದೆ ಎಷ್ಟೋ ಮಕ್ಕಳು ಸೋತು ಬಿಟ್ಟು ಹೋಗುತ್ತಾರೆ.

ಅದಕ್ಕೆ ಕ್ಲಬ್ ನಡೆಸುವವರಲ್ಲಿ ನನ್ನ ಕೋರಿಕೆ. ಒಂದು ವೈಸ್ ಹಾಕಿಸಿ. ಬೇರೆ ಬೇರೆ ಅಳತೆಯ, ಬೇರೆ ಬೇರೆ ಲಾಟ್‌ನ ಪೆಲೆಟ್ ಡಬ್ಬಗಳನ್ನು ತೆರೆದಿಡಿ, ಮಕ್ಕಳು ಹತ್ತು ಹತ್ತು ತೆಗೆದುಕೊಂಡು ಟೆಸ್ಟ್ ಮಾಡಲಿ. ಪೂರ್ತಿ ಡಬ್ಬ ಕೊಂಡೇ ನೋಡಬೇಕು ಅಂದರೆ ಯಾವ ಅಪ್ಪ-ಅಮ್ಮ ಎಂಟು ಬಗೆ ಕೊಳ್ಳುತ್ತಾರೆ? ಪ್ರತಿ ರೈಫಲ್‌ಗೆ ಒಂದು ಕಾಗದ ಇಡಿ: ಯಾವ ಪೆಲೆಟ್, ಯಾವ ಲಾಟ್, ಎಷ್ಟು ಗ್ರೂಪ್, ಕ್ರೌನ್ ನೋಡಿದ್ದು ಯಾವಾಗ. ಹತ್ತಿರದ ಕ್ಲಬ್‌ನಲ್ಲಿ ಇಂಥ ವ್ಯವಸ್ಥೆ ಈಗಾಗಲೇ ಇದ್ದರೆ ಕಾಮೆಂಟ್‌ನಲ್ಲಿ ಊರಿನ ಹೆಸರು ಹಾಕಿ, ಬೇರೆ ಊರಿನ ಮಕ್ಕಳೂ ರೈಫಲ್ ತಂದು ಟೆಸ್ಟ್ ಮಾಡಿಸಿಕೊಂಡು ಹೋಗಲಿ.