ಹೆಸರಿಗೆ ಒಂದೇ ಅಂಕ

ಅಮೆರಿಕದ ಕಾಲೇಜೊಂದರ ಭೂವಿಜ್ಞಾನ ಲ್ಯಾಬು, ಗುರುತಿಸಬೇಕಾದ ಕಲ್ಲು: ಮಾದರಿ ಸಂಖ್ಯೆ 14. ಬಿಳಿ ಬಣ್ಣ, ಗಾಜಿನಂಥ ಹೊಳಪು. ಊರಿಂದ ಹೊಸದಾಗಿ ಬಂದ ಹುಡುಗ ನೋಡಿದ ಕೂಡಲೇ ‘ಕ್ವಾರ್ಟ್ಜ್’ (ನಮ್ಮ ಬೆಣಚು ಕಲ್ಲು) ಅಂತ ಬರೆದ. ಉತ್ತರ ಸರಿ. ಸಿಕ್ಕಿದ್ದು ಐದಕ್ಕೆ ಒಂದು. ಉಳಿದ ನಾಲ್ಕು ಹೊಳಪು, ಗಡಸುತನ, ಒರೆಯ ಬಣ್ಣ (ಉಜ್ಜಿದಾಗ ಉದುರುವ ಪುಡಿಯದು), ಸೀಳು (ನುಣುಪು ಮುಖಗಳಾಗಿ ಒಡೆಯುವ ರೀತಿ) ಎಂಬ ಕಾಲಂಗಳಿಗೆ. ಅವನ್ನು ಖಾಲಿ ಬಿಟ್ಟಿದ್ದ. ಗೊತ್ತಿರುವುದನ್ನು ಮತ್ತೆ ಯಾಕೆ ನೋಡಬೇಕು ಅಂತ ಅವನ ಸಿಟ್ಟು. ಆ ಸಿಟ್ಟಿನಲ್ಲಿ ನಮ್ಮ ಪಿಯುಸಿ ಪೂರ್ತಿ ಇದೆ.

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ (ಹೆಚ್ಚಾಗಿ ಎರಡು ವರ್ಷದ ಓದಿನ ಸ್ಥಳೀಯ ಕಾಲೇಜುಗಳು) ಆರಂಭದ ಭೂವಿಜ್ಞಾನ ಅಂದರೆ ಸಂಗೀತ, ವ್ಯಾಪಾರ ಓದುವವರೂ ವಿಜ್ಞಾನದ ಕ್ರೆಡಿಟ್ ತುಂಬಿಸಿಕೊಳ್ಳಲು ಸೇರುವ ಕೋರ್ಸು. ಲ್ಯಾಬಿನಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಇಲ್ಲ. ಮೊದಲು ಕಲ್ಲಿನ ಹೊಸದಾಗಿ ಒಡೆದ ಮುಖ ಹುಡುಕಬೇಕು. ಗಾಳಿ ಮಳೆಗೆ ಮಾಸಿದ ಮುಖವನ್ನು ನಂಬುವಂತಿಲ್ಲ. ಆಮೇಲೆ ಯಾವುದು ಯಾವುದನ್ನು ಗೀರುತ್ತದೆ ಅಂತ ನೋಡಲು ಉಗುರು (1ರಿಂದ 10ರ ಅಳತೆಯಲ್ಲಿ ಗಡಸುತನ 2.5), ತಾಮ್ರ (ಸುಮಾರು 3), ಗಾಜು (5.5). ಗಾಜಿನ ಮೇಲೆ ಬಿದ್ದ ಗೆರೆಯನ್ನು ಬೆರಳಲ್ಲಿ ಒರೆಸಿ ನೋಡಬೇಕು: ಹೋದರೆ ಕಲ್ಲಿನ ಪುಡಿ, ಉಳಿದರೆ ಗೀರು. ಅರ್ಧ ಕ್ಲಾಸು ಎಡವುವುದು ಇಲ್ಲೇ. ಒರೆ ಹಚ್ಚುವ ಪಿಂಗಾಣಿ ಬಿಲ್ಲೆಯದು ಇನ್ನೊಂದು ಮೋಸ. ಅದರ ಗಡಸುತನ ಸುಮಾರು 6.5, 7ರ ಬೆಣಚು ಕಲ್ಲು ಉಜ್ಜಿದರೆ ಉದುರುವ ಬಿಳಿ ಪುಡಿ ಬಿಲ್ಲೆಯದ್ದೇ. ಕೊನೆಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ. ಸುಣ್ಣದ ಕಲ್ಲಿನಲ್ಲಿರುವ ಖನಿಜ ಕ್ಯಾಲ್ಸೈಟ್ ತಕ್ಷಣ ನೊರೆ ಏಳಿಸುತ್ತದೆ. ಅದರಂತೆಯೇ ಕಾಣುವ ಡೋಲೊಮೈಟ್ ಕೆರೆದು ಪುಡಿ ಮಾಡಿದರಷ್ಟೇ, ಅದೂ ಸಣ್ಣಗೆ.

ಆ ನೊರೆ ನಮ್ಮವರಿಗೆ ಹೊಸದೇ? ಪಿಯುಸಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೊಟ್ಟ ಲವಣ ಯಾವುದೆಂದು ಹುಡುಕುವ ಸಾಲ್ಟ್ ಅನಾಲಿಸಿಸ್‌ನಲ್ಲಿ ಕಾರ್ಬೊನೇಟ್ ಬಂದಾಗಲೆಲ್ಲ ‘ಬ್ರಿಸ್ಕ್ ಎಫರ್ವೆಸೆನ್ಸ್’ (ಜೋರು ನೊರೆ) ಅಂತ ಬರೆದವರೇ ಎಲ್ಲರೂ. ನೋಡಿ ಬರೆದವರು ಎಷ್ಟು ಜನ? ನೀಲಿ ಇದ್ದರೆ ತಾಮ್ರ, ಇಲ್ಲದಿದ್ದರೆ ಅಟೆಂಡರ್ ಕಣ್ಸನ್ನೆ. ಹೆಸರು ಸಿಕ್ಕಿತೆಂದರೆ ಪ್ರಯೋಗವನ್ನು ಬಾಲದಿಂದ ತಲೆಗೆ ಬರೆದುಕೊಂಡು ಹೋಗುವುದು. ರೆಕಾರ್ಡ್ ಅಂತೂ ಸೀನಿಯರ್ ಕೃಪೆ.

ಅಮೆರಿಕದ ಈ ಕ್ಲಾಸಿನಲ್ಲಿ ನೋಟ್ಸನ್ನೂ ಯಾರೂ ಹೇಳಿ ಬರೆಸುವುದಿಲ್ಲ. ಹಾಳೆಯ ಎಡಕ್ಕೆ ಎರಡೂವರೆ ಇಂಚು ಖಾಲಿ ಬಿಟ್ಟು ಬರೆದುಕೊಂಡು, ಅದೇ ದಿನ ಆ ಜಾಗದಲ್ಲಿ ಪ್ರಶ್ನೆ ಹಾಕಿ, ಬಲಭಾಗ ಮುಚ್ಚಿ ಉತ್ತರ ಹೇಳಿಕೊಳ್ಳುವುದು ಕಾರ್ನೆಲ್ ಪದ್ಧತಿ. ತರಗತಿಯ ಪ್ರತಿ ಗಂಟೆಗೆ ಹೊರಗೆ ಎರಡು ಗಂಟೆ ಓದು ಅನ್ನುವುದು ವಾಡಿಕೆಯ ಲೆಕ್ಕ. ಅರ್ಥವಾಗದಿದ್ದರೆ ಮೇಷ್ಟ್ರ ಕೋಣೆಗೆ ಹೋಗಬಹುದು, ಅದಕ್ಕೆಂದೇ ವಾರದಲ್ಲಿ ಸಮಯ ಇಟ್ಟಿರುತ್ತಾರೆ. ನಮ್ಮ ಮಕ್ಕಳು ಹೋಗುವುದಿಲ್ಲ. ಸ್ಟಾಫ್ ರೂಮಿಗೆ ಹೋಗುವುದೆಂದರೆ ಅಪ್ಪನನ್ನೂ ಕರೆತರಬೇಕು ಎಂದೇ ಅವರ ತಲೆಯಲ್ಲಿ.

ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಉಗುರಿಗೇ ಗೀರು ಬೀಳುವ ಬಳಪದ ಕಲ್ಲು, ಪದರ ಪದರವಾಗಿ ಬಿಡಿಸಿ ಆಡಿದ ಕಾಗೆ ಬಂಗಾರ, ನಿಂಬೆರಸ ಬಿದ್ದಲ್ಲಿ ಹೊಳಪು ಸತ್ತು ಕಲೆ ಉಳಿಯುವ ಅಡುಗೆಮನೆಯ ಕಡಪ ಕಲ್ಲು. ಗಡಸುತನ, ಸೀಳು, ಆಮ್ಲ ಪರೀಕ್ಷೆ ಮೂರೂ ಮನೆಯಲ್ಲೇ ಆಗಿಹೋಗಿವೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ನಾವು ಅದರ ಮೇಲೆ ಕೂತು ಕಡಲೆಕಾಯಿ ತಿಂದು, ಫಲಪುಷ್ಪ ಪ್ರದರ್ಶನ ನೋಡಿ ಮನೆಗೆ ಬಂದವರು. ಪರೀಕ್ಷೆಗೆ ಬರದ ಕಲ್ಲು ನಮಗೆ ಕಾಣುವುದಿಲ್ಲ.

ಒಂದು ಮಾತು ಮಾತ್ರ, ಮನಸ್ಸಿಲ್ಲದಿದ್ದರೂ, ಒಪ್ಪಬೇಕು. ಭೂಮಿಯ ಹೊರಪದರದ ದೊಡ್ಡ ತುಂಡು, ಅಂದರೆ ಭೂಫಲಕ, ವರ್ಷಕ್ಕೆ 5 ಸೆಂಟಿಮೀಟರ್ ಸರಿದರೆ ಹತ್ತು ಲಕ್ಷ ವರ್ಷಕ್ಕೆ ಎಷ್ಟು ಕಿಲೋಮೀಟರ್? ಕ್ಯಾಲ್ಕುಲೇಟರಿನಲ್ಲಿ ಸೊನ್ನೆ ಎಣಿಸುತ್ತಾ ಉಳಿದವರು ಕೂತಿದ್ದಾಗ 50 ಅಂತ ಬಾಯಲ್ಲೇ ಹೇಳುವವರು ನಮ್ಮವರು. ಮೂರು ಅರ್ಧಾಯು (ವಿಕಿರಣ ವಸ್ತು ಅರ್ಧಕ್ಕಿಳಿಯುವ ಅವಧಿ) ಕಳೆದರೆ ಎಂಟರಲ್ಲೊಂದು ಪಾಲು ಉಳಿಯುತ್ತದೆ ಅನ್ನಲು ಅವರಿಗೆ ಹಾಳೆಯೂ ಬೇಡ. ಮಗ್ಗಿ ಉರು ಹೊಡೆಸಿದ್ದು ದಂಡವಾಗಿಲ್ಲ. ಶಿಲೆಗಳ ವಯಸ್ಸು ಲೆಕ್ಕ ಹಾಕುವ ವಾರ ಬಂದಾಗ 14ನೇ ಮಾದರಿಯ ಹುಡುಗನ ಮೇಜಿಗೆ ಎರಡು ಕುರ್ಚಿ ಹೆಚ್ಚು ಬಂದವು.