ಆ ಹುಡುಗನ ಮಾತನ್ನು ಒಂದು ನಿಮಿಷ ಕೇಳಬಹುದಿತ್ತು

ಮೊನ್ನೆಯಿಂದ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. "ನಿನ್ನ ಕೆಲಸ ಎಷ್ಟೋ ಅಷ್ಟು ನೋಡು."

ನೆಲಮಂಗಲದ ಕಡೆ ಒಂದು ಗೋಡೌನ್‌ಗೆ ಸ್ಟಾಕ್ ಎಣಿಸಲು ಹೋಗಿದ್ದೆ. ಸಂಜೆ 6 ಗಂಟೆ. ದಾವಣಗೆರೆ ಲೋಡ್ ಹೊರಡುವ ಹೊತ್ತು. ಬಿಸ್ಕತ್ ಬಾಕ್ಸ್ ಎತ್ತುತ್ತಿದ್ದ ರಾಯಚೂರು ಕಡೆಯ ಹುಡುಗ ಸ್ಕ್ಯಾನರ್ ಕೆಳಗಿಟ್ಟು ಸೂಪರ್‌ವೈಸರ್ ಹತ್ತಿರ ಬಂದ. "ಸರ್, ಹಿಂದಿನ ಪ್ಯಾಲೆಟ್‌ನ್ಯಾಗ ಮಾರ್ಚ್ ಮಾಲ್ ಐತ್ರಿ. ನಾವು ಜೂನ್‌ದು ಎತ್ತಾಕತ್ತೀವಿ."

ಮೊದಲು ಡೇಟ್ ಮುಗಿಯುವ ಮಾಲು ಮೊದಲು ಹೊರಗೆ ಹೋಗಬೇಕು. ಫೆಫೊ ಅಂತೀವಿ. ಮಾರ್ಚ್ ಮಾಲು ಹಿಂದೆ ಉಳಿದರೆ ನಾಳೆ ಯಾವ ಅಂಗಡಿಯವರೂ ಮುಟ್ಟಲ್ಲ. ಪ್ಯಾಲೆಟ್, ಅಂದರೆ ಬಾಕ್ಸ್ ಪೇರಿಸಿಟ್ಟ ಹಲಗೆ, ಬದಲಿಸಲು ಹತ್ತು ನಿಮಿಷ ಸಾಕಿತ್ತು. ಅವನಿಗೆ ಸಿಕ್ಕಿದ್ದು ಬೈಗುಳ. "ನಿನ್ನ ಕೆಲಸ ಎಷ್ಟೋ ಅಷ್ಟು ನೋಡು. ಗಾಡಿ ಲೇಟ್ ಆದ್ರೆ ನೀನು ಉತ್ತರ ಕೊಡ್ತೀಯಾ?" ಹುಡುಗ ಸುಮ್ನೆ ಸ್ಕ್ಯಾನರ್ ಎತ್ತಿಕೊಂಡ. ಹೊರಗಿನವನು ಅಂತ ನಾನೂ ಬಾಯಿ ಬಿಡಲಿಲ್ಲ. ಅದು ಈಗಲೂ ಚುಚ್ಚುತ್ತಿದೆ.

ಆಮೇಲೆ ಟೀ ಕುಡಿಯುವಾಗ ಮ್ಯಾನೇಜರ್ ಹೇಳಿದರು, "ಈಗಿನ ಹುಡುಗರಿಗೆ ಕೆಲಸದ ಮೇಲೆ ಮನಸ್ಸೇ ಇಲ್ಲ." ಮನಸ್ಸು ಇತ್ತು. ನಮ್ಮ ಕಣ್ಣೆದುರೇ ಇತ್ತು.

ನಾನೂ ಈ ತಪ್ಪು ಮಾಡಿದವನೇ. ಯಶವಂತಪುರದಲ್ಲಿ ಸೂಪರ್‌ವೈಸರ್ ಆಗಿದ್ದ ಕಾಲ. ಮಳೆಗಾಲ. ಹಮಾಲಿ ಮಾಡುತ್ತಿದ್ದ ಅಣ್ಣ ಒಬ್ಬರು ಟಾರ್ಪಾಲಿನ ತೂತಿನಲ್ಲಿ ಬೆರಳು ತೂರಿಸಿ ತೋರಿಸಿದರು. "ನೀವು ಲೋಡ್ ಮಾಡಿ ಅಣ್ಣ, ಅದನ್ನ ನಾನು ನೋಡ್ಕೋತೀನಿ" ಅಂದೆ. ನೋಡಿಕೊಳ್ಳಲಿಲ್ಲ. ಹಾಸನ ಮುಟ್ಟುವಷ್ಟರಲ್ಲಿ 40 ಮೂಟೆ ಸಕ್ಕರೆ ನೆನೆದು ಹೋಗಿತ್ತು. ದೊಡ್ಡ ನಷ್ಟ ಅದಲ್ಲ. ಆ ಅಣ್ಣ ಮತ್ತೆಂದೂ ನನಗೆ ಏನನ್ನೂ ತೋರಿಸಲಿಲ್ಲ. ಹೇಳಿದಷ್ಟು ಎತ್ತಿದರು, ಮನೆಗೆ ಹೋದರು.

ಮೈಗಳ್ಳರೂ ಇರ್ತಾರೆ ಅಲ್ವಾ ಅಂತ ಕೇಳಬಹುದು. ಇರ್ತಾರೆ. ಆದರೆ ಮೈಗಳ್ಳ ಹಿಂದಿನ ಪ್ಯಾಲೆಟ್‌ನ ಡೇಟ್ ಬಗ್ಗಿ ಓದಲ್ಲ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ ಇತ್ತು. ಅಲ್ಲಿನ ಕೆಲಸಗಾರರು ಸರಿಯಿಲ್ಲ ಅಂತ ಕೆಟ್ಟ ಹೆಸರು. ಜನ ಕೆಲಸಕ್ಕೇ ಬರುತ್ತಿರಲಿಲ್ಲ. 1982ರಲ್ಲಿ ಬಾಗಿಲು ಹಾಕಿತು. 1984ರಲ್ಲಿ ಟೊಯೋಟಾ ಜೊತೆ ಸೇರಿ ಮತ್ತೆ ತೆರೆದಾಗ ಕೆಲಸಕ್ಕೆ ತೆಗೆದುಕೊಂಡವರಲ್ಲಿ ಹೆಚ್ಚಿನವರು ಅದೇ ಹಳಬರು. ಆದರೆ ಈಗ ತಪ್ಪು ಕಂಡರೆ ಯಾರು ಬೇಕಾದರೂ ಕಾರು ಜೋಡಿಸುವ ಲೈನಿಗೆ ಕಟ್ಟಿದ್ದ ಎಚ್ಚರಿಕೆಯ ಹಗ್ಗ ಎಳೆಯಬಹುದಿತ್ತು. ಎಳೆದರೆ ಲೀಡರ್ ಓಡಿ ಬರುತ್ತಿದ್ದ. ಸರಿಯಾಗದಿದ್ದರೆ ಲೈನೇ ನಿಲ್ಲುತ್ತಿತ್ತು. ಆ ಹಳಬರೇ ಒಳ್ಳೆ ಕಾರು ಮಾಡಿ ತೋರಿಸಿದರು. ನಮ್ಮ ಹುಡುಗ ಮೊನ್ನೆ ಎಳೆದಿದ್ದೂ ಅಂಥದ್ದೇ ಹಗ್ಗ. ನಾವು ಅವನ ಕೈಗೆ ಹೊಡೆದೆವು.

ನಿನ್ನೆ ಬೆಳಿಗ್ಗೆ ಅವನು ಡಾಕ್ ಹತ್ತಿರ ಸಿಕ್ಕ. "ಬೇರೆ ರ‍್ಯಾಕ್‌ನಲ್ಲೂ ಹಳೇ ಮಾಲು ಏನಾದ್ರೂ ಕಂಡಿದೆಯಾ ತಮ್ಮಾ?" ಅಂತ ಕೇಳಿದೆ. ಸೂಪರ್‌ವೈಸರ್ ಕೂತಿದ್ದ ಕಡೆ ಒಮ್ಮೆ ನೋಡಿದ. "ಇಲ್ರಿ ಸರ್, ಎಲ್ಲಾ ಸರಿ ಐತ್ರಿ" ಅಂದು ಟ್ರಾಲಿ ಎಳೆದುಕೊಂಡು ಹೋದ.

ಅವನು ಕೆಲಸ ಮಾಡುವ ಸಾಲಿನಲ್ಲೇ ಅಂಥ ಮೂರು ಪ್ಯಾಲೆಟ್ ನನ್ನ ಪಟ್ಟಿಯಲ್ಲಿ ಆಗಲೇ ಇದ್ದವು.