ಟೊಪಗಿ ನೋಡಿ ಸೀಟು ಕೊಡುವವರು

ಬಾಗಲಕೋಟೆಯ ನವನಗರದಲ್ಲಿ ನನ್ನ ಬೈಕ್ ಪಂಕ್ಚರ್ ಆಯಿತು. ಅದರ ಪುಣ್ಯದಿಂದ ವಿಶ್ವ ಕಾರು ರ‍್ಯಾಲಿಯ ಮುಂದಿನ ಸೀಸನ್ನಿನಲ್ಲಿ ಯಾವ ಕಾರಿಗೆ ಯಾರು ಅನ್ನೋದು ಪೂರ್ತಿ ಗೊತ್ತಾಗಿಹೋಯಿತು. ಟೀಮಿನವರಿಗೇ ಇನ್ನೂ ಗೊತ್ತಿಲ್ಲ, ಪಾಪ.

ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಮೂವರು ಹುಡುಗರು. ಒಬ್ಬ ಮೊಬೈಲಿನಲ್ಲಿ ಒಬ್ಬ ಚಾಲಕನ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ.

“ನೋಡಲೇ, ಟೀಮಿನ ಟೊಪಗಿ ಹಾಕಿಲ್ಲ. ಬಿಟ್ಟ ಅಂದ್ರ ಬಿಟ್ಟ, ಪಕ್ಕಾ.”

“ಸೆಕೆ ಆಗಿರಬೇಕಲೇ,” ಅಂದ ಇನ್ನೊಬ್ಬ. ಇವನ ಮಾತಿಗೆ ಬೆಂಚಿನಲ್ಲಿ ಬೆಲೆ ಇಲ್ಲ.

ಈ ವಿದ್ಯೆಯಲ್ಲಿ ತಪ್ಪು ಅನ್ನೋದೇ ಇಲ್ಲ. ಎಸ್ಟೋನಿಯಾದ ಒಟ್ ತನಾಕ್ 2019ರಲ್ಲಿ ಟೊಯೊಟಾದಲ್ಲಿ ಚಾಂಪಿಯನ್ ಆದ. ಮರುವರ್ಷವೇ ಹ್ಯುಂಡೈ. 2023ಕ್ಕೆ ಫೋರ್ಡ್. 2024ಕ್ಕೆ ಮತ್ತೆ ಹ್ಯುಂಡೈ. ಕಣ್ಣು ಮುಚ್ಚಿ ಯಾವ ಹೆಸರು ಹೇಳಿದ್ದರೂ ಒಂದಲ್ಲ ಒಂದು ವರ್ಷ ನಿಜವಾಗುತ್ತಿತ್ತು. ನಮ್ಮ ಕೆಲವು ಶಾಸಕರ ವಿಷಯದಲ್ಲೂ ಹೀಗೇ ಅಲ್ವಾ?

ಫ್ರಾನ್ಸಿನ ಚಾಲಕ ಒಜಿಯೆ ಕಥೆ ಬೇರೆ. 2021 ಮುಗಿದ ಮೇಲೆ ಪೂರ್ತಿ ಸೀಸನ್ ಓಡಿಸೋದನ್ನು ಬಿಟ್ಟ. ಬೆಂಚು ಅವನಿಗೆ ಹಾರ ಹಾಕಿ ಮನೆಗೆ ಕಳಿಸಿಬಿಟ್ಟಿತ್ತು. ಆತ 2025ರಲ್ಲಿ ಕೆಲವು ರ‍್ಯಾಲಿ ಬಿಟ್ಟೂ ಒಂಬತ್ತನೇ ಸಲ ಚಾಂಪಿಯನ್ ಆಗಿ ಅಷ್ಟೇ ಸಲ ಗೆದ್ದಿದ್ದ ಲೋಬ್ ಪಕ್ಕಕ್ಕೆ ಬಂದು ನಿಂತ. ಹಾರ ವಾಪಸ್ ಕೇಳಿದವರಿಲ್ಲ.

ನಿಜವಾದ ಮಜಾ ಫಿನ್ಲೆಂಡಿನ ರೊವನ್‌ಪೆರಾ ವಿಷಯದಲ್ಲಿ ಆಯಿತು. 22ನೇ ವಯಸ್ಸಿಗೆ ವಿಶ್ವ ಚಾಂಪಿಯನ್, ಮರುವರ್ಷ ಮತ್ತೊಮ್ಮೆ. ಅವನು ಮುಂದೆ ಯಾವ ರ‍್ಯಾಲಿ ಕಾರು ಹತ್ತುತ್ತಾನೆ ಅಂತ ಬೆಂಚು ಲೆಕ್ಕ ಹಾಕುತ್ತಿದ್ದಾಗ, 2025ರ ಅಕ್ಟೋಬರಿನಲ್ಲಿ ಆತ ರ‍್ಯಾಲಿಯನ್ನೇ ಬಿಡೋದಾಗಿ ಹೇಳಿದ. ಮಣ್ಣು, ಹಿಮ, ಕಾಡು ಎಲ್ಲ ಬಿಟ್ಟು ಜಪಾನಿನ ಸೂಪರ್ ಫಾರ್ಮುಲಾ ರೇಸಿನ ನುಣುಪು ಟ್ರ್ಯಾಕಿಗೆ! ಆ ಮುಂಜಾನೆವರೆಗೆ ಇದನ್ನು ಬೆಂಚಿನಲ್ಲಿ ಯಾರೂ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂವರೂ “ನಾ ಮೊದಲೇ ಹೇಳಿದ್ನೆಲ್ಲೋ” ಅನ್ನುತ್ತಿದ್ದರು.

2027ಕ್ಕೆ ಕಾರಿನ ನಿಯಮಗಳೇ ಬದಲಾಗುತ್ತವೆ. ಅಂದರೆ ಬೆಂಚಿಗೆ ಓವರ್‌ಟೈಮ್.

ಪಕ್ಕದ ಸೀಟಿನವನ ಹೆಸರು ಮಾತ್ರ ಇಷ್ಟು ಹೊತ್ತಾದರೂ ಒಬ್ಬನ ಬಾಯಲ್ಲೂ ಬರಲಿಲ್ಲ. ಮುಂದಿನ ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಕಡಿದು ಅಂತ ಪುಸ್ತಕ ಹಿಡಿದು ಓದಿ ಹೇಳುವವನು ಅವನೇ. ಅವನು ಒಂದು ಸಾಲು ತಪ್ಪಿದರೆ ಚಾಂಪಿಯನ್ ಮರಕ್ಕೆ. ಆದರೆ ಅವನ ಟೊಪಗಿ ಯಾರಿಗೆ ಬೇಕು?

ಅಂಗಡಿಯ ಕಾಕಾ ಇಷ್ಟೂ ಹೊತ್ತು ಟ್ಯೂಬಿಗೆ ಗಾಳಿ ಹೊಡೆದು, ನೀರಿನ ಬುಟ್ಟಿಯಲ್ಲಿ ಅದ್ದಿ, ಸುತ್ತ ತಿರುಗಿಸುತ್ತಿದ್ದರು. ವಾಲ್ವಿನ ಹತ್ತಿರ ಸಣ್ಣ ಗುಳ್ಳೆಗಳು ಎದ್ದವು. ಅಲ್ಲಿ ಹೆಬ್ಬೆರಳಿಟ್ಟುಕೊಂಡೇ ತಲೆ ಎತ್ತಿದರು. ರಸ್ತೆಯಲ್ಲಿ ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರ್, ಹಾಡು ಜೋರಾಗಿ ಹಚ್ಚಿಕೊಂಡು ಹೋಗುತ್ತಿತ್ತು.

“ಅಲ್ರೆಪಾ,” ಅಂದರು ಕಾಕಾ. “ಇಷ್ಟೆಲ್ಲ ಗೊತ್ತಿದ್ದವ್ರು ಇದೊಂದು ಹೇಳ್ರಿ. ನಮ್ಮ ಅಳಿಯ ಎರಡು ಫ್ಯಾಕ್ಟರಿ ಕಡೆ ಅಡ್ವಾನ್ಸ್ ತಗೊಂಡು ಕುಂತಾನ. ಈ ಸಲ ಟ್ರ್ಯಾಕ್ಟರ್ ಯಾವುದಕ್ಕ ಹಚ್ಚತಾನ?”

ಬೆಂಚು ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಮೊಬೈಲಿನವನು ಕೇಳಿದ:

“ಅಳಿಯಂದು ಈಗಿನ ಫೋಟೋ ಐತೇನ್ ಕಾಕಾ?”